ಮೂಕಜೀವವೂ ಒಂದು ಅಮಾನತ್ತು



ಕಳೆದ ಮಳೆಗಾಲದ ಒಂದು ಸಂಜೆ ಯಲಬುರ್ಗಾ ಕಡೆಯ ಹಳ್ಳಿಯಿಂದ ವೃದ್ಧೆಯೊಬ್ಬರು ನಮ್ಮ ಮನೆಗೆ ಬಂದರು. ಅವರ ಮೊಮ್ಮಗಳು ನನ್ನ ವಿದ್ಯಾರ್ಥಿನಿ, ಹತ್ತು ವರ್ಷದವಳು. ಅವಳ ತಾಯಿ ತೀರಿಕೊಂಡು ಒಂದು ವರ್ಷವಾಗಿತ್ತು. ತಂದೆ ದುಡಿಯಲು ಸೌದಿಗೆ ಹೋಗಿದ್ದಾರೆ. ತಾಯಿ ಹೋದ ಮೇಲೆ ಮಗು ಮಾತನ್ನೇ ಮರೆತವಳಂತಾಗಿತ್ತು. ಆಗ ಅವಳ ಮಾಮಾ ಹೊಲದಲ್ಲಿ ಸಿಕ್ಕ ನಕ್ಷತ್ರ ಆಮೆಯೊಂದನ್ನು ತಂದುಕೊಟ್ಟರು. ಹುಡುಗಿ ಅದರ ಬುಟ್ಟಿಯ ಮುಂದೆ ಕುಳಿತು ಗಂಟೆಗಟ್ಟಲೆ ಮಾತನಾಡತೊಡಗಿದಳು. ಮನೆಯವರು ಅಲ್ಲಾಹನಿಗೆ ಶುಕ್ರ್ ಹೇಳಿದರು.

“ಅಕ್ಕೋರ, ಇದನ್ನ ಮನ್ಯಾಗ ಇಟ್ಕೊಂಡ್ರ ಕೇಸ್ ಆಗ್ತದ ಅಂತ ಬಾಜೂ ಮನಿಯವ್ರು ಹೆದರಸ್ತಾರ. ಬೆಂಗಳೂರಾಗಿರೋ ನಮ್ಮ ಭಾಂಜಾ, ಡಾಕ್ಟರ್ ಕಡಿಂದ ಒಂದು ಚೀಟಿ ಬರಸ್ಕೊಂಡ್ರ ನಡೀತದ ಅಂತಾನ. ಬಿಟ್ಟುಬಿಡು ಅಂದ್ರ ಹುಡುಗಿ ಮತ್ತ ಬಾಯಿ ಮುಚ್ಕೋತಾಳ. ಏನ್ ಮಾಡ್ಲಿ, ನೀವ ಹೇಳ್ರಿ” ಎಂದು ಅವರು ಕಣ್ಣೊರೆಸಿಕೊಂಡರು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮದ್ರಸಾದಲ್ಲಿ ಕಲಿತದ್ದನ್ನೂ ಕಾಲೇಜಿನಲ್ಲಿ ಓದಿದ್ದನ್ನೂ ಮತ್ತೆ ತಿರುವಿ ಹಾಕಬೇಕಾಯಿತು.

ಆ ಚೀಟಿಯ ಮಾತು ಬಂದದ್ದು ಅಮೆರಿಕದಿಂದ. ಅಲ್ಲಿ ಮನಸ್ಸು ನೊಂದವರು ವೈದ್ಯರಿಂದ ಪತ್ರ ಪಡೆದು ‘ಭಾವನಾತ್ಮಕ ಆಸರೆಯ ಪ್ರಾಣಿ’ ಎಂದು ನಾಯಿ, ಬೆಕ್ಕುಗಳನ್ನು ಜೊತೆಗಿಟ್ಟುಕೊಳ್ಳುವ ರೂಢಿಯಿದೆ. ಬರಬರುತ್ತಾ ಹಂದಿ, ಹಾವು, ಮೊಸಳೆಯ ಜಾತಿಯ ಪ್ರಾಣಿಗಳೂ ಈ ಪಟ್ಟಿಗೆ ಸೇರಿದವು. 2018ರ ಜನವರಿಯಲ್ಲಿ ಮಹಿಳೆಯೊಬ್ಬರು ತಮ್ಮ ನವಿಲನ್ನು ಕರೆದುಕೊಂಡು ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಬಂದರು. ವಿಮಾನ ಸಂಸ್ಥೆ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಸಾರಿಗೆ ಇಲಾಖೆ ನಿಯಮವನ್ನೇ ಬದಲಿಸಿತು. ವಿಮಾನದಲ್ಲಿ ಸೇವಾ ಪ್ರಾಣಿ ಎಂಬ ಮಾನ್ಯತೆ ಈಗ ತರಬೇತಾದ ನಾಯಿಗೆ ಮಾತ್ರ. ನಮ್ಮ ದೇಶದಲ್ಲಂತೂ ವನ್ಯಜೀವಿಯನ್ನು ಮನೆಯಲ್ಲಿಡಲು ಯಾವ ಡಾಕ್ಟರ್ ಚೀಟಿಯೂ ಪರವಾನಗಿಯಾಗುವುದಿಲ್ಲ.

ಇದನ್ನು ಓದಿ ‘ಅಮೆರಿಕದವರ ಹುಚ್ಚು’ ಎಂದು ನಗಬೇಡಿ. ನಾವೇನು ಕಡಿಮೆ? ನಾನು ಚಿಕ್ಕವಳಿದ್ದಾಗ ಕಲಂದರ್ ಜನ ಕರಡಿ ಹಿಡಿದುಕೊಂಡು ಊರಿಗೆ ಬರುತ್ತಿದ್ದರು. ರಾತ್ರಿ ಬೆಚ್ಚಿ ಬೀಳುವ ಮಕ್ಕಳನ್ನು ತಾಯಂದಿರು ಆ ಕರಡಿಯ ಮೇಲೆ ಕೂರಿಸುತ್ತಿದ್ದರು. ಅದರ ಕೂದಲನ್ನು ತಾಯತದಲ್ಲಿಟ್ಟು ಕೊರಳಿಗೆ ಕಟ್ಟುತ್ತಿದ್ದರು. ಹಾಗೆ ಮಾಡಿದರೆ ಮಗುವಿನ ಹೆದರಿಕೆ ಹೋಗುತ್ತದೆ ಎಂಬ ನಂಬಿಕೆ. ಆದರೆ ಮೂಗು ಚುಚ್ಚಿ ಹಗ್ಗ ಪೋಣಿಸಿದ್ದ ಆ ಕರಡಿಯ ಹೆದರಿಕೆಯನ್ನು ಯಾರು ಕೇಳಿದರು? 2009ರ ಕೊನೆಯ ಹೊತ್ತಿಗೆ ಕುಣಿಯುವ ಕರಡಿಗಳು ಬನ್ನೇರುಘಟ್ಟದಂತಹ ಪುನರ್ವಸತಿ ಕೇಂದ್ರಗಳನ್ನು ಸೇರಿದವು. ಹಿಡಿದವರಿಗೂ ಬೇರೆ ಜೀವನೋಪಾಯ ಬೇಕಿತ್ತು, ಅದಕ್ಕಾಗಿ ದುಡಿದ ಸಂಸ್ಥೆಗಳಿವೆ. ಈಗ ಕರಡಿಯನ್ನು ನೋಡಬೇಕೆಂದರೆ ತುಂಗಭದ್ರೆಯ ಆಚೆ ದರೋಜಿ ಕರಡಿಧಾಮಕ್ಕೆ ಹೋಗಬಹುದು. ಅಲ್ಲಿ ಅದು ಬಂಡೆಗಳ ನಡುವೆ ತನ್ನ ಪಾಡಿಗೆ ತಾನಿದೆ.

ನನ್ನದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಗಿಳಿಯೊಂದಿತ್ತು. ಹಾರಿಹೋಗಬಾರದೆಂದು ರೆಕ್ಕೆಯ ಗರಿ ಕತ್ತರಿಸಿದ್ದೆವು. ಅಬ್ಬಾ ಬೈದಾಗಲೆಲ್ಲಾ ನಾನು ಅದರ ಮುಂದೆ ಅಳುತ್ತಿದ್ದೆ. ಒಂದು ದಿನ ಪಂಜರದ ಬಾಗಿಲು ಹಾಕಲು ಮರೆತೆ. ಬೆಕ್ಕು ಬಂದಾಗ ಅದಕ್ಕೆ ಹಾರಲಾಗಲಿಲ್ಲ. ನನ್ನ ದುಃಖವನ್ನೆಲ್ಲಾ ಕೇಳಿದ ಜೀವಕ್ಕೆ ನಾನು ಕೊಟ್ಟದ್ದು ಅದನ್ನೇ.

ಹಾಗಾದರೆ ಪ್ರಾಣಿಯಿಂದ ಸಾಂತ್ವನ ಪಡೆಯುವುದೇ ತಪ್ಪೇ? ಖಂಡಿತ ಅಲ್ಲ. ಹ. ಅನಸ್‌ರ(ರ) ಪುಟ್ಟ ತಮ್ಮ ಅಬೂ ಉಮೈರ್ ಒಂದು ಚಿಕ್ಕ ಹಕ್ಕಿಯೊಂದಿಗೆ ಆಡುತ್ತಿದ್ದನು. ಅದು ಸತ್ತು ಮಗು ಸಪ್ಪಗಿದ್ದಾಗ ಪ್ರವಾದಿವರ್ಯರು(ಸ) ಅವನ ಬಳಿ ಕುಳಿತು, ಹಕ್ಕಿಯ ಬಗ್ಗೆಯೇ ಪ್ರೀತಿಯಿಂದ ವಿಚಾರಿಸಿ ಸಮಾಧಾನಪಡಿಸಿದರು. ಮಗುವಿನ ದುಃಖ ಅವರಿಗೆ ಸಣ್ಣದೆನಿಸಲಿಲ್ಲ. ಅದೇ ಪ್ರವಾದಿವರ್ಯರು(ಸ) ಪ್ರಯಾಣವೊಂದರಲ್ಲಿ, ಮರಿಗಳನ್ನು ಕಳೆದುಕೊಂಡು ರೆಕ್ಕೆ ಬಡಿಯುತ್ತಿದ್ದ ತಾಯಿಹಕ್ಕಿಯನ್ನು ಕಂಡು, ಮರಿಗಳನ್ನು ಹಿಂದಿರುಗಿಸುವಂತೆ ಸಂಗಾತಿಗಳಿಗೆ ಆಜ್ಞಾಪಿಸಿದರು. ಬೆಕ್ಕನ್ನು ಕೂಡಿಹಾಕಿ ಉಪವಾಸ ಕೊಂದ ಸ್ತ್ರೀಯ ಹದೀಸನ್ನು ನಾವೆಲ್ಲರೂ ಕೇಳಿದ್ದೇವೆ. ಇವನ್ನು ಒಟ್ಟಿಗೆ ಓದಿದಾಗ ವಿಷಯ ತಿಳಿಯಾಗುತ್ತದೆ. ಮಗುವಿನ ಕಣ್ಣೀರಿಗೂ ಬೆಲೆಯಿದೆ, ತಾಯಿಹಕ್ಕಿಯ ಸಂಕಟಕ್ಕೂ ಬೆಲೆಯಿದೆ.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, ನಕ್ಷತ್ರ ಆಮೆ ಹುಲಿಯಿರುವ ಒಂದನೇ ಅನುಸೂಚಿಗೇ ಸೇರಿದೆ. ಅದನ್ನು ಹಿಡಿದರೆ ಕನಿಷ್ಠ 3 ವರ್ಷ ಜೈಲು ಆಗಬಹುದು. ನಮ್ಮ ಮರಗಳಲ್ಲಿ ಕಾಣುವ ಹಸಿರು ಗಿಳಿಯನ್ನು ಸಾಕುವುದೂ ಅಪರಾಧವೇ. ಪಂಜರದ ಗಿಳಿ ಎಲ್ಲೆಡೆ ಕಂಡರೂ ಅದು ನ್ಯಾಯವಾಗುವುದಿಲ್ಲ. ಆರೋಗ್ಯದ ಮಾತೂ ಇದೆ. ಆಮೆಯ ಮೈಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು, ಅದು ಚಿಕ್ಕ ಮಕ್ಕಳಿಗೆ ಅಪಾಯಕಾರಿ. ಹುಲ್ಲು, ಸೊಪ್ಪು, ಬಿಸಿಲಿನಲ್ಲಿ ಬದುಕಬೇಕಾದ ಆಮೆಗೆ ಅನ್ನ, ಬ್ರೆಡ್ ಹಾಕಿ ನೆರಳಲ್ಲಿಟ್ಟರೆ ಚಿಪ್ಪು ವಿಕಾರವಾಗುತ್ತದೆ.

ಮರುದಿನ ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ, “ನೀನು ಮುಟ್ಟಿದಾಗ ಆಮೆ ಏನು ಮಾಡ್ತದವ್ವಾ?”

“ತಲಿ ಒಳಗ ಹಾಕ್ಕೋತದ್ರಿ.”

“ಯಾಕ?”

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, “ಅಂಜಿ. ಅದಕ್ಕೂ ಅಮ್ಮಿ ಇಲ್ಲಲ್ರಿ.”

ಅವಳನ್ನು ಅಪ್ಪಿಕೊಳ್ಳುವುದು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ.

ನಾನಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿಸಿದರು. ಸಾಕಿದ ಪ್ರಾಣಿಯನ್ನು ನಾವೇ ಎಲ್ಲೋ ಗುಡ್ಡದಲ್ಲಿ ಬಿಟ್ಟುಬರಬಾರದು, ಅದು ಬದುಕುತ್ತದೆಂಬ ಖಾತ್ರಿ ಇರುವುದಿಲ್ಲ. ಸಿಬ್ಬಂದಿ ಬಂದು ತೆಗೆದುಕೊಂಡು ಹೋದರು. ಹುಡುಗಿ ಮೂರು ದಿನ ಶಾಲೆಗೆ ಬರಲಿಲ್ಲ. ನಾನು ತಪ್ಪು ಮಾಡಿದೆನೇ ಎಂದು ಆ ಮೂರು ರಾತ್ರಿ ನಿದ್ದೆಗೆಟ್ಟೆ.

ಆದರೆ ಸಹೋದರಿಯರೇ, ಆಮೆಯನ್ನು ಕಳಿಸಿ ಕೈ ತೊಳೆದುಕೊಂಡಿದ್ದರೆ ಅದು ಕ್ರೌರ್ಯವಾಗುತ್ತಿತ್ತು. ಸರ್ಕಾರದ ಉಚಿತ ‘ಟೆಲಿ ಮಾನಸ್’ 14416ಕ್ಕೆ ಕರೆ ಮಾಡಿ ಸಲಹೆ ಪಡೆದೆವು. ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದ ತಂದೆ ಈಗ ವಾರಕ್ಕೆ ಮೂರು ಸಲ ಮಗಳೊಂದಿಗೆ ಮಾತನಾಡುತ್ತಾರೆ. ನಾನಿ ಒಂದು ಮೇಕೆಮರಿ ತಂದಿದ್ದಾರೆ. ಮೇಕೆ, ಬೆಕ್ಕು, ಕೋಳಿ ಸಾವಿರಾರು ವರ್ಷಗಳಿಂದ ನಮ್ಮ ಅಂಗಳದಲ್ಲೇ ಬೆಳೆದ ಜೀವಗಳು. ಮುಟ್ಟಿದರೆ ಅವು ಮುದುಡುವುದಿಲ್ಲ, ಹತ್ತಿರ ಬರುತ್ತವೆ. ‘ಇದನ್ನ ಬಕ್ರೀದ್‌ಗೆ ಕೊಡಬಾರದು’ ಎಂದು ಹುಡುಗಿ ಷರತ್ತು ಹಾಕಿದ್ದಾಳೆ, ನಾನಿ ಒಪ್ಪಿದ್ದಾರೆ. ಈಗಲೂ ಕೆಲವು ದಿನ ಅವಳು ಮೌನವಾಗಿ ಕೂರುತ್ತಾಳೆ. ತಾಯಿಯ ಜಾಗ ತುಂಬಲು ಮೇಕೆಯಿಂದಾಗುತ್ತದೆಯೇ? ಇಲ್ಲ. ಆದರೆ ಮಾತು ನಿಂತಿಲ್ಲ.

ನಿಮ್ಮ ಮನೆಯಲ್ಲಿ ಮಗುವೊಂದು ಮನುಷ್ಯರನ್ನು ಬಿಟ್ಟು ಪ್ರಾಣಿಯೊಂದಿಗೇ ಮಾತನಾಡುತ್ತಿದ್ದರೆ, ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಆ ಮಾತನ್ನು ಕೇಳಲು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲವೇ? ಪ್ರಾಣಿ ಸಾಕುವ ಆಸೆಯಿದ್ದರೆ ಮನೆಗೆ ಒಗ್ಗುವ ಪ್ರಾಣಿಯನ್ನೇ ಸಾಕಿ, ಹೊತ್ತಿಗೆ ಸರಿಯಾಗಿ ನೀರು, ಮೇವು ಕೊಡಿ. ಕಾಡಿನದು ಕಾಡಿನಲ್ಲೇ ಇರಲಿ. ಗಿಳಿಯೇ ಬೇಕೆಂದು ಮಗು ಹಟ ಹಿಡಿದರೆ ನಮ್ಮ ಕಿನ್ನಾಳದವರು ಮರದಲ್ಲಿ ಚೆಂದದ ಗೊಂಬೆ ಮಾಡುತ್ತಾರೆ. ಕಿಟಕಿಯಲ್ಲಿ ಒಂದು ಹಿಡಿ ಜೋಳ ಇಟ್ಟರೆ ನಿಜವಾದ ಗಿಳಿಯೂ ತಾನಾಗಿ ಬಂದೀತು.

ನಮ್ಮ ವಶದಲ್ಲಿರುವ ಪ್ರತಿ ಜೀವವೂ ಅಮಾನತ್ತು, ಮಗುವೂ ಹೌದು, ಆಮೆಯೂ ಹೌದು. ಎರಡರ ಲೆಕ್ಕವನ್ನೂ ಸರಿಯಾಗಿ ಒಪ್ಪಿಸುವ ತೌಫೀಕ್ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ. ಆಮೀನ್.