ಕಟ್ಟಿದ ಜಾಲತಾಣ ಕಾಯುವವರು ಯಾರು?

2001ರಿಂದ ಬಹುಮಟ್ಟಿಗೆ ತಂತ್ರಜ್ಞರ ಕೈಯಲ್ಲೇ ಉಳಿದಿದ್ದ ಮುಕ್ತ ತಂತ್ರಾಂಶ ಡ್ರುಪಾಲ್, 2025ರ ಜನವರಿಯಲ್ಲಿ ‘ಡ್ರುಪಾಲ್ ಸಿಎಂಎಸ್’ ಹೊರತಂದು, ಕೋಡ್ ಬರೆಯಲು ಬಾರದವರೂ ಜಾಲತಾಣ ಕಟ್ಟಿಕೊಳ್ಳುವ ದಾರಿ ತೆರೆದಿದೆ. ಸಣ್ಣ ಸಂಘ, ಶಾಲೆಗಳು ಒಂದೇ ಕಂಪನಿಯ ಸೇವೆಗೆ ಕಟ್ಟುಬೀಳದೆ ತಮ್ಮ ತಾಣವನ್ನು ತಾವೇ ನಡೆಸಬಹುದು. ಇದು ಮನಸಾರೆ ಸ್ವಾಗತಿಸಬೇಕಾದ ಹೆಜ್ಜೆ.

ಆದರೆ ಕಟ್ಟುವುದಕ್ಕಿಂತ ಕಾಯುವುದು ಕಷ್ಟ. 2014ರ ಅಕ್ಟೋಬರ್‌ನಲ್ಲಿ ಡ್ರುಪಾಲ್ 7ರ ಗಂಭೀರ ಲೋಪ ಬಯಲಾದಾಗ, 7 ಗಂಟೆಯೊಳಗೆ ಸರಿಪಡಿಸದ ತಾಣಗಳೆಲ್ಲ ದಾಳಿಗೆ ತುತ್ತಾಗಿವೆ ಎಂದೇ ಭಾವಿಸುವಂತೆ ಅದರ ಭದ್ರತಾ ತಂಡ ಎಚ್ಚರಿಸಿತ್ತು. ಅಷ್ಟು ಅವಧಿ ತಜ್ಞರಿಗೇ ಸಾಲದು. ಶಾಲೆಯ ಗುಮಾಸ್ತರ ಪಾಡೇನು? ಇಂಥದೇ ಇನ್ನೊಂದು ಮುಕ್ತ ತಂತ್ರಾಂಶವಾದ ವರ್ಡ್‌ಪ್ರೆಸ್ 2013ರಲ್ಲೇ ಸಣ್ಣ ಭದ್ರತಾ ಪರಿಷ್ಕರಣೆಗಳು ತಾವಾಗಿಯೇ ನಡೆಯುವ ಏರ್ಪಾಡು ಮಾಡಿತು. ಸಾಮಾನ್ಯರನ್ನು ಕರೆಯುವ ಪ್ರತಿಯೊಂದು ಮುಕ್ತ ತಂತ್ರಾಂಶವೂ ಈ ಏರ್ಪಾಡನ್ನು, ಜೊತೆಗೆ ಬ್ಯಾಕಪ್ಪನ್ನು, ಮೊದಲ ದಿನದಿಂದಲೇ ಕಡ್ಡಾಯವಾಗಿ ಒದಗಿಸಬೇಕು.