ಝೆರಾಕ್ಸ್ ಅಂಗಡಿಯ ಬ್ರೌಸರ್ ಕೆಟ್ಟರೆ ಊರಿಗೇ ತೊಂದರೆ

ಹಂಸಭಾವಿ: ಉತಾರ ಬೇಕು, ಜಾತಿ-ಆದಾಯ ಪ್ರಮಾಣಪತ್ರ ಬೇಕು, ಬೆಳೆ ವಿಮೆ ತುಂಬಬೇಕು ಅಂದ್ರೆ ಹಳ್ಳಿ ಜನ ಈಗ ಹೋಗೋದು ಗ್ರಾಮ ಒನ್ ಕೇಂದ್ರಕ್ಕೆ, ಇಲ್ಲವೇ ಊರಿನ ಝೆರಾಕ್ಸ್ ಅಂಗಡಿಗೆ. 2023ರಲ್ಲಿ ಗೃಹಜ್ಯೋತಿ, ಗೃಹಲಕ್ಷ್ಮಿ ನೋಂದಣಿ ಶುರುವಾದ ಮೇಲೆ ಈ ಅಭ್ಯಾಸ ಇನ್ನೂ ಗಟ್ಟಿಯಾಯಿತು. ಅಲ್ಲಿನ ಒಂದೇ ಕಂಪ್ಯೂಟರ್‌ನಲ್ಲಿ ಹತ್ತಾರು ಮನೆಗಳ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಒಟಿಪಿ ಹಾದು ಹೋಗುತ್ತವೆ. ಹಾಗಾಗಿ ಅದರ ಬ್ರೌಸರ್ ಕೆಟ್ಟರೆ ಅದು ಅಂಗಡಿಯವರೊಬ್ಬರ ತಲೆನೋವಲ್ಲ.

ಕೆಟ್ಟಿದ್ದು ಗೊತ್ತಾಗೋದು ಹೇಗೆ? ಕ್ರೋಮ್ ತೆರೆದ ಕೂಡಲೇ ಗೂಗಲ್ ಬದಲು ಹೆಸರೇ ಕೇಳದ ಸರ್ಚ್ ಪುಟ ಬರುತ್ತದೆ. ಪರದೆಯ ಮೂಲೆಯಲ್ಲಿ ಲಾಟರಿ, ಸಾಲ, ‘ವೈರಸ್ ಬಂದಿದೆ’ ಎಂಬ ಸಂದೇಶಗಳು ಒಂದರ ಮೇಲೊಂದು ಬೀಳುತ್ತವೆ. ಸೇವಾ ಸಿಂಧು ಅಂತ ಹುಡುಕಿದರೆ ಇನ್ನಾವುದೋ ಪುಟ ತೆರೆಯುತ್ತದೆ. ‘ಮಷಿನ್ ಸ್ಲೋ ಆಗೈತಿ’ ಅಂತ ಸುಮ್ಮನಾಗುತ್ತೇವೆ. ಆದರೆ ಆಗಿರೋದು ಬೇರೆ, ನಮ್ಮ ಬ್ರೌಸರ್‌ನ ಸೆಟ್ಟಿಂಗ್ ಯಾರೋ ತಮಗೆ ಬೇಕಾದಂತೆ ಬದಲಿಸಿರುತ್ತಾರೆ.

ಅವರು ಬೀಗ ಮುರಿದು ಬಂದವರಲ್ಲ, ನಾವೇ ಬಾಗಿಲು ತೆರೆದು ಕರೆದವರು. ಫ್ರೀ ಪಿಡಿಎಫ್ ಕನ್ವರ್ಟರ್, ಪ್ರಿಂಟರ್ ಡ್ರೈವರ್ ಅಂತ ಸಿಕ್ಕಲ್ಲಿಂದ ಇಳಿಸಿ ‘ನೆಕ್ಸ್ಟ್, ನೆಕ್ಸ್ಟ್’ ಒತ್ತುವಾಗ ಜೊತೆಗೊಂದು ಕಳ್ಳ ಪ್ರೋಗ್ರಾಂ ಒಳಗೆ ಬರುತ್ತದೆ. 2017ರಲ್ಲಿ ಸುದ್ದಿಯಾದ ‘ಫೈರ್‌ಬಾಲ್’ ಹೀಗೆಯೇ ಹರಡಿತ್ತು. ಚೆಕ್ ಪಾಯಿಂಟ್ ಕಂಪನಿಯ ಅಂದಾಜಿನಂತೆ ಜಗತ್ತಿನ 25 ಕೋಟಿ ಕಂಪ್ಯೂಟರ್‌ಗಳಿಗೆ ಅದು ತಗುಲಿತ್ತು. ಅದರಲ್ಲಿ ಸುಮಾರು 2.5 ಕೋಟಿ ಭಾರತದವು. ಈ ಲೆಕ್ಕ ಅತಿಯಾಯಿತು ಎಂದು ಮೈಕ್ರೋಸಾಫ್ಟ್ ಆಮೇಲೆ ಹೇಳಿತು. ಸಂಖ್ಯೆ ಎಷ್ಟೇ ಇರಲಿ, ಒಳಗೆ ಬರುವ ದಾರಿ ಇವತ್ತಿಗೂ ಅದೇ.

ಇನ್ನೊಂದು ಬಲೆ ಇದೆ. ಬ್ರೌಸರ್ ಸರಿಮಾಡಲು ‘ರಿಪೇರಿ ಸಾಫ್ಟ್‌ವೇರ್’ ಹುಡುಕಿ ಇಳಿಸಿದರೆ ಕೆಲವೊಮ್ಮೆ ಅದೇ ಹೊಸ ರೋಗ. ವಿಂಡೋಸ್‌ನ ಕ್ರೋಮ್‌ನಲ್ಲಿದ್ದ ಕ್ಲೀನಪ್ ಟೂಲ್ ಅನ್ನು ಗೂಗಲ್ 2023ರಲ್ಲೇ ನಿಲ್ಲಿಸಿದೆ. ಈಗ ಅದೇ ಹೆಸರಿನಲ್ಲಿ ಯಾವುದಾದರೂ ಸಿಕ್ಕರೆ ಅನುಮಾನ ಪಡಿ.

ಮದ್ದು ಬ್ರೌಸರ್ ಒಳಗೇ ಇದೆ, ಪೈಸೆ ಖರ್ಚಿಲ್ಲ. ಮೊದಲು ವಿಂಡೋಸ್‌ನಲ್ಲಿ ಗುರುತಿಲ್ಲದ ಪ್ರೋಗ್ರಾಂ ತೆಗೆಯಿರಿ. ನಂತರ ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್ ಸೆಟ್ಟಿಂಗ್ಸ್’ ಒತ್ತಿ. ಎಕ್ಸ್‌ಟೆನ್ಷನ್‌ಗಳು ಬಂದ್ ಆಗುತ್ತವೆ. ಬುಕ್‌ಮಾರ್ಕ್, ಪಾಸ್‌ವರ್ಡ್ ಅಳಿಸೋದಿಲ್ಲ. ನೋಟಿಫಿಕೇಶನ್ ಪಟ್ಟಿಯಲ್ಲಿ ‘ಅಲೋ’ ಆಗಿರುವ ಅಪರಿಚಿತ ಸೈಟ್‌ಗಳನ್ನು ತೆಗೆಯಿರಿ. ಇದರ ಮೇಲೂ ಅನುಮಾನವಿದ್ದರೆ ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಉಚಿತ ಸಾಧನಗಳಿವೆ. ಹಳೇ ವಿಂಡೋಸ್ 7 ಮಷಿನ್‌ಗಳಿಗೆ 2023ರಿಂದ ಹೊಸ ಕ್ರೋಮ್ ಬರುತ್ತಿಲ್ಲ. ಅಂಥದ್ದರಲ್ಲಿ ಹಣಕಾಸಿನ ಕೆಲಸ ಬೇಡ.

ಅಂಗಡಿಯವರು ಗಿರಾಕಿಯ ಕೆಲಸಕ್ಕೆ ‘ಗೆಸ್ಟ್’ ಕಿಟಕಿ ಬಳಸಿ, ‘ಪಾಸ್‌ವರ್ಡ್ ಸೇವ್ ಮಾಡಲೇ?’ ಅಂದರೆ ಬೇಡ ಅನ್ನಬೇಕು. ಗಿರಾಕಿಗಳೂ ಒಮ್ಮೆ ಪರದೆ ನೋಡಬೇಕು. ಸೇವಾ ಸಿಂಧುವಿನ ವಿಳಾಸ ‘ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’ ಎಂದೇ ಮುಗಿಯುತ್ತದೆ. ನಡುವೆ ಡಾಟ್ ಬದಲು ಅಡ್ಡಗೆರೆ ಕಂಡರೆ ಅದು ನಕಲಿ. ದುಡ್ಡು ಹೋಯಿತು ಅಂತ ಗೊತ್ತಾದ ತಕ್ಷಣ 1930ಕ್ಕೆ ಕರೆ ಮಾಡಿ, ತಡ ಮಾಡಿದಷ್ಟೂ ಹಣ ಕೈಗೆ ಸಿಗೋದು ಕಷ್ಟ.

ದುಡ್ಡು ಕೊಟ್ಟು ಉತಾರ ತೆಗೆಸುವ ರೈತ ತನ್ನ ಆಧಾರ್ ಕಾರ್ಡನ್ನು ನಂಬಿಕೆಯ ಮೇಲೆ ಅಂಗಡಿಯವರ ಕೈಗಿಡುತ್ತಾನೆ. ಆ ನಂಬಿಕೆ ಉಳಿಸಿಕೊಳ್ಳಲು ತಿಂಗಳಿಗೊಮ್ಮೆ ಹತ್ತು ನಿಮಿಷ ಬ್ರೌಸರ್ ನೋಡಿಕೊಂಡರೆ ಸಾಕು.