ಕಣ್ಣು ಕೆಟ್ಟಿರಲಿಲ್ಲ

ಕೆಟ್ಟ ವಸ್ತು ಯಾವುದು, ಕೆಟ್ಟಿತೆಂದು ನಾವು ಕೈಬಿಟ್ಟ ವಸ್ತು ಯಾವುದು ಎಂಬ ವಿವೇಚನೆ ನಮ್ಮಲ್ಲಿ ಮಸುಕಾಗುತ್ತ ಬಂದಿದೆ. ಈ ಮಾತನ್ನು ನಾನು ಒಂದು ಹಳೆಯ ವೆಬ್‌ಕ್ಯಾಮೆರಾದ ನಿಮಿತ್ತವಾಗಿ ಹೇಳುತ್ತಿದ್ದೇನೆ. ವಿಷಯ ಅಲ್ಪವೆಂದು ವಾಚಕರು ಪುಟ ಮಗುಚಬಾರದಾಗಿ ಕೋರಿಕೆ.

ನಾನಿರುವುದು ಭಟ್ಕಳದ ಮಗ್ಗುಲಿನ ಜಾಲಿಯಲ್ಲಿ. ಕಡಲ ತಡಿಯ ಈ ಊರಿನಲ್ಲಿ ಕೊಲ್ಲಿ ದೇಶಗಳ ನಂಟಿಲ್ಲದ ಓಣಿ ವಿರಳ. ನನ್ನ ಮಗಳ ಸಂಸಾರವೂ ದಮ್ಮಾಮಿನಲ್ಲಿದೆ. ಏಳು ವರ್ಷದ ಮೊಮ್ಮಗನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಅಲ್ಲಿ ಶುಕ್ರವಾರ ರಜೆ. ಆ ದಿನ ನಾನೇ ಅವನಿಗೆ ಅಕ್ಷರ ತಿದ್ದಿಸಲು ತೊಡಗಿದೆ. ಮುಖ ನೋಡುವುದಕ್ಕೆ ಮೊಬೈಲ್ ಸಾಕು. ಅಕ್ಷರ ಕಲಿಸುವುದಕ್ಕೆ ಸಾಲದು. ಎಡಗೈಯಲ್ಲಿ ಅದನ್ನು ಹಿಡಿದು ಬಲಗೈಯಲ್ಲಿ ಬರೆಯಹೊರಟರೆ ಮುದುಕನ ಕೈ ನಡುಗುತ್ತದೆ. ಹುಡುಗನಿಗೆ ಕಾಣುವುದು ಬರೆದು ಮುಗಿದ ಅಕ್ಷರವೇ ಹೊರತು ಬರೆಯುವ ಬಗೆಯಲ್ಲ. ಬಳಪ ಎಲ್ಲಿ ಹೊರಟಿತು, ಎಲ್ಲಿ ತಿರುಗಿತು ಎಂಬುದೇ ಅಲ್ಲವೇ ಪಾಠ? ಪಾಟಿಯ ಮೇಲೆ ಅಲುಗದೆ ದೃಷ್ಟಿಯಿಟ್ಟಿರುವ ಒಂದು ಕಣ್ಣು ನನಗೆ ಬೇಕಾಗಿತ್ತು.

ಅಂಥ ಕಣ್ಣು ಕಪಾಟಿನಲ್ಲಿಯೇ ಇತ್ತು. ಬಹಳ ಹಿಂದೆ ಅಳಿಯ ತಂದುಕೊಟ್ಟಿದ್ದ ಯುಎಸ್‌ಬಿ ಕ್ಯಾಮೆರಾ. ಎತ್ತ ಬೇಕಾದರೂ ಬಾಗುವ ಕತ್ತು ಅದಕ್ಕೆ. ಪೇಟೆಯ ಅಂಗಡಿಯಲ್ಲಿ ಕೇಳಿದಾಗ, “ಇದಕ್ಕೆ ಈಗ ಡ್ರೈವರ್ ಸಿಗುವುದಿಲ್ಲ ಮಾಸ್ತರೇ, ಹೊಸದು ತೆಗೆದುಕೊಳ್ಳಿ” ಎಂಬ ಉತ್ತರ ದೊರೆಯಿತು. ಡ್ರೈವರ್ ಎಂದರೆ ಯಂತ್ರಾಂಗದೊಡನೆ ಹೇಗೆ ವ್ಯವಹರಿಸಬೇಕೆಂದು ಗಣಕಕ್ಕೆ ತಿಳಿಸುವ ತಂತ್ರಾಂಶ. ಕ್ಯಾಮೆರಾದೊಡನೆ ಬಂದಿದ್ದ ತಟ್ಟೆಯಲ್ಲಿದ್ದದ್ದು ಎಂದೋ ಬಳಕೆ ತಪ್ಪಿದ ವ್ಯವಸ್ಥೆಗೆ ಬರೆದದ್ದು. ಗಾಜು ಒಡೆದಿರಲಿಲ್ಲ, ತಂತಿ ಹರಿದಿರಲಿಲ್ಲ. ಅದರ ಮಾತು ಬಲ್ಲವರು ಇಲ್ಲವೆಂಬುದಷ್ಟೇ ಅದಕ್ಕೆ ಬಂದ ಮರಣ.

ನೆರೆಮನೆಯ ಇಂಜಿನಿಯರಿಂಗ್ ವಿದ್ಯಾರ್ಥಿ ಒಪ್ಪಲಿಲ್ಲ. “ಎಸೆಯಬೇಡಿ ಮಾಸ್ತರೇ, ನೀನು ಯಾರೆಂದು ಮೊದಲು ಅದನ್ನೇ ಕೇಳೋಣ” ಎಂದ. ನನ್ನ ಗಣಕಕ್ಕೆ ಆತನೇ ಹಿಂದೆ ಲಿನಕ್ಸ್ ಹಾಕಿಕೊಟ್ಟಿದ್ದ. ಉಪ್ಪುಗಾಳಿಗೆ ಕಿಲುಬು ಹಿಡಿದಿದ್ದ ತುದಿಯನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ನೇರವಾಗಿ ಗಣಕಕ್ಕೆ ಚುಚ್ಚಿ, ‘ಎಲ್‌ಎಸ್‌ಯುಎಸ್‌ಬಿ’ ಎಂಬ ಆಜ್ಞೆ ಕೊಟ್ಟ. ತಯಾರಕನ ಗುರುತು, ಮಾದರಿಯ ಗುರುತು, ಎರಡೂ ತೆರೆಯ ಮೇಲೆ ಮೂಡಿದವು. ಲಿನಕ್ಸಿನ ತಿರುಳು ಆ ಗುರುತನ್ನು ಹಿಡಿದು ‘ಜಿಎಸ್‌ಪಿಸಿಎ’ ಎಂಬ ಡ್ರೈವರನ್ನು ತಾನಾಗಿಯೇ ಕರೆದುಕೊಂಡಿತ್ತು. ಆದರೂ ಚಿತ್ರ ಬರಲಿಲ್ಲ. ಆ ಕಾಲದ ಅನೇಕ ಕ್ಯಾಮೆರಾಗಳು ಚಿತ್ರವನ್ನು ತಮ್ಮದೇ ಸಂಕೇತದಲ್ಲಿ ಮಡಚಿ ಕಳಿಸುತ್ತವೆ. ಕರೆ ಮಾಡುವ ಇಂದಿನ ತಂತ್ರಾಂಶಕ್ಕೆ ಅದು ಅರ್ಥವಾಗದು. ನಡುವೆ ದುಭಾಷಿ ಬೇಕು. ‘ಲಿಬ್‌ವಿ4ಎಲ್’ ಎಂಬ ದುಭಾಷಿಯನ್ನು ಮುಂದಿಟ್ಟು ಕರೆಯ ತಂತ್ರಾಂಶವನ್ನು ಮತ್ತೆ ತೆರೆದಾಗ, ತೆರೆಯ ಮೇಲೆ ನನ್ನ ಪಾಟಿ ಕಂಡಿತು. ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿಗಳ ಬಡ ಚಿತ್ರ. ಬಳಪದ ನಡೆ ತಿಳಿಯುವುದಕ್ಕೆ ಅಷ್ಟು ಧಾರಾಳ.

ಈ ಡ್ರೈವರಿನ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕು. ಇದನ್ನು ಮೊದಲು ಬರೆದವರು ಯಾವ ಕ್ಯಾಮೆರಾ ಕಂಪನಿಯವರೂ ಅಲ್ಲ. ಫ್ರಾನ್ಸಿನ ಮಿಷೆಲ್ ಜಾರ್ ಎಂಬ ವೈದ್ಯರು. ಬಿಡುವಿನ ವೇಳೆಯಲ್ಲಿ ಒಂದೊಂದೇ ಕ್ಯಾಮೆರಾದ ಮಾತನ್ನು ಅರಿತು, 2007ರ ಹೊತ್ತಿಗೆ 200ಕ್ಕೂ ಹೆಚ್ಚು ಮಾದರಿಗಳಿಗೆ ಲಿನಕ್ಸಿನಲ್ಲಿ ದೃಷ್ಟಿ ಕೊಟ್ಟರು. ಅದನ್ನು ಇತರರು ತಿದ್ದಿ ಬೆಳೆಸಿದರು. 2008ರಲ್ಲಿ ಅದು ಲಿನಕ್ಸಿನ ತಿರುಳಿಗೇ ಸೇರಿತು. ಬರಹ ಬಚ್ಚಿಟ್ಟದ್ದಲ್ಲ, ಬಯಲಲ್ಲಿಟ್ಟದ್ದು. ಆದ್ದರಿಂದಲೇ ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಮುಂದುವರಿಸುವುದು ಸಾಧ್ಯವಾಯಿತು. ಎಂದೂ ಕಾಣದ ಆ ವೈದ್ಯರ ಶ್ರಮದ ಫಲವನ್ನು ಜಾಲಿಯ ಮುದುಕನೊಬ್ಬ ಇಂದು ಉಣ್ಣುತ್ತಿದ್ದಾನೆ.

ಕೆಲವು ನೂರು ರೂಪಾಯಿಗೆ ಹೊಸ ಕ್ಯಾಮೆರಾ ದೊರೆಯುವಾಗ ಇಷ್ಟು ಪಾಡೇಕೆ ಎಂದು ಕೇಳುವವರುಂಟು. ಇಂದಿನ ಕ್ಯಾಮೆರಾಗಳು ಬಹುಮಟ್ಟಿಗೆ ‘ಯುವಿಸಿ’ ಎಂಬ ಸಮಾನ ಕಟ್ಟಳೆಯನ್ನು ಅನುಸರಿಸುವುದರಿಂದ ಚುಚ್ಚಿದೊಡನೆ ನಡೆಯುತ್ತವೆ ಎಂಬುದೂ ನಿಜ. ಎಲ್ಲ ಹಳೆಯದನ್ನೂ ಉಳಿಸಬೇಕೆಂಬ ಹಟ ನನಗಿಲ್ಲ. ಗಾಜು ಒಡೆದ ಕ್ಯಾಮೆರಾವನ್ನು ನಾನೂ ಎಸೆಯುತ್ತೇನೆ. ನನ್ನ ಆಕ್ಷೇಪ ಬೇರೆ. ವಸ್ತು ನಮ್ಮದು, ಅದರ ಮಾತು ತಯಾರಕನದು ಎಂಬ ಏರ್ಪಾಡಿನಲ್ಲಿ ವಸ್ತುವಿನ ಆಯುಷ್ಯವನ್ನು ನಿರ್ಧರಿಸುವವನು ಮಾರಿದವನೇ ಆಗುತ್ತಾನೆ. ಬಾವಿಯನ್ನು ಮಾರಿ ಹಗ್ಗವನ್ನು ತನ್ನಲ್ಲಿಟ್ಟುಕೊಂಡಂತೆ ಇದು. ದುರಸ್ತಿಯ ಹಕ್ಕಿನ ಚೌಕಟ್ಟೊಂದನ್ನು ರೂಪಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಸಮಿತಿ ನೇಮಿಸಿತು. ಅಂಥ ಹಕ್ಕು ತಿರುಪು ಬಿಚ್ಚುವುದಕ್ಕೆ ಮಾತ್ರ ಸೀಮಿತವಾಗಬಾರದು. ಬೆಂಬಲ ನಿಲ್ಲಿಸುವ ತಯಾರಕ ಆ ವಸ್ತುವಿನ ಮಾತನ್ನು ಲೋಕಕ್ಕೆ ಬಿಟ್ಟುಕೊಡಬೇಕು.

ಅಧ್ಯಾಪಕ ಮಿತ್ರರಲ್ಲಿಯೂ ಒಂದು ವಿಜ್ಞಾಪನೆಯಿದೆ. ಶಾಲೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಗಣಕಗಳನ್ನು ಹರಾಜಿಗೆ ಹಾಕುವ ಮುನ್ನ ಒಂದು ವಾರ ಮಕ್ಕಳ ಕೈಗೆ ಕೊಡಿ. ‘ನೀನು ಯಾರು’ ಎಂದು ಯಂತ್ರವನ್ನು ಕೇಳಿ ಉತ್ತರ ಪಡೆದ ಹುಡುಗ, ‘ಕೆಟ್ಟಿದೆ’ ಎಂದು ಇನ್ನೊಬ್ಬರು ಹೇಳಿದ್ದನ್ನು ಅಷ್ಟು ಸುಲಭವಾಗಿ ನಂಬಲಾರ.

ಕಳೆದ ಶುಕ್ರವಾರ ಮೊಮ್ಮಗ ‘ಜಾಲಿ’ ಎಂದು ಬರೆದು ತೋರಿಸಿದ. ‘ಲಿ’ಯ ಗುಡಿಸು ಸ್ವಲ್ಪ ಜಾರಿತ್ತು. “ಅಜ್ಜ, ಇನ್ನೊಮ್ಮೆ ಬರೆ, ನಿಧಾನ ಬರೆ, ನಾನು ನೋಡುತ್ತೇನೆ” ಎಂದ. ನಾನು ಪಾಟಿ ಒರೆಸಿ ಮತ್ತೆ ಬರೆದೆ.